ನಿಲ್ಲದ ಕಣ್ಣಿನ ಆಣೆ

ಸಾಬಣ್ಣನಿಗೆ ಅಕ್ಕ ದುರುಗಮ್ಮನ ಕಣ್ಣಿನ ಸಂಗತಿ ಗೊತ್ತಿತ್ತು. ಅವಳ ಮೈ ಉರಿದದ್ದು ಅದಕ್ಕೇ. ಹುಟ್ಟಿದಾಗಿನಿಂದ ಅವಳ ಎಡಗಣ್ಣು ಕಾಣದು. ಬಲಗಣ್ಣು ಕಂಡರೂ, ನೆಟ್ಟಗೆ ನೋಡಿದರೆ ತನ್ನಷ್ಟಕ್ಕೆ ಅತ್ತಿತ್ತ ಕುಣಿಯುತ್ತದೆ. ಮುಖವನ್ನು ಬಲಕ್ಕೆ ತಿರುಗಿಸಿ ಓರೆಯಾಗಿ ನೋಡಿದರೆ ಮಾತ್ರ ನಿಲ್ಲುತ್ತದೆ. ಊರವರು ಅದನ್ನು ಸೊಕ್ಕು ಎನ್ನುತ್ತಿದ್ದರು. ಊರ ಬಾಯಿ ಮುಚ್ಚುವವರು ಯಾರು?

ಎಪ್ಪತ್ತಾರನೇ ಇಸವಿಯಲ್ಲಿ ಗಂಡ ಸತ್ತು, ದೇವದುರ್ಗದಿಂದ ತವರು ಮಲ್ಲಟಕ್ಕೆ ಬಂದವಳಿಗೆ ಅಪ್ಪ ಸಾಯುವ ಮುಂಚೆ ಅರ್ಧ ಕುರಿಹಿಂಡು ನಿನ್ನದು ಎಂದಿದ್ದ. ಕೇಳಿಸಿಕೊಂಡವರು ಅಕ್ಕ ತಮ್ಮ ಇಬ್ಬರೇ. ಅಪ್ಪನ ದಿನಕರ್ಮ ಮುಗಿಯುತ್ತಲೇ ಸಾಬಣ್ಣ, ಅಪ್ಪ ಹಾಗೆಂದೇ ಇಲ್ಲ ಎಂದುಬಿಟ್ಟ. ಬೆಳೆಯುತ್ತಾ ದಾಯಾದಿಗಳಾಗುವುದು ಅಣ್ಣತಮ್ಮಂದಿರಷ್ಟೇ ಅಲ್ಲ. ಆ ಕುರಿಗಳಿಲ್ಲದಿದ್ದರೆ ಅವಳು ಮಾನ್ವಿ ಕಡೆಯ ಗದ್ದೆಗಳಲ್ಲಿ ಕಂಡವರ ನಾಟಿಗೆ ಕೂಲಿ ಹೋಗಬೇಕಿತ್ತು.

ಹಿರಿಯ ಮುದುಕಪ್ಪ ಪಂಚಾಯ್ತಿ ಕೂಡಿಸಿದಾಗ ಸಾಬಣ್ಣನೇ ಮೆತ್ತಗೆ ಹೇಳಿದ: ಅಕ್ಕ ಕೈಯಲ್ಲಿ ಭಂಡಾರದ ಅರಿಶಿನ ಹಿಡಿದು, ಕುಲದೇವರು ಬೀರಪ್ಪನ ದೀಪವನ್ನು ಕಣ್ಣು ಅಲುಗಿಸದೆ ನೋಡಿ ಆಣೆ ಮಾಡಲಿ, ಅರ್ಧ ಹಿಂಡು ಹೊಡೆದುಕೊಂಡು ಹೋಗಲಿ. ಎಂಥ ಧಾರಾಳ! ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೆಲಸ ಮುಗಿಸಿದ.

ದುರುಗಮ್ಮ ಮುಖ ಓರೆ ಮಾಡಿ ನಿಂತಳು. ದೇವರಿಗೆ ಮುಖ ತಿರುಗಿಸಬೇಡ ಎಂದು ಮುದುಕಪ್ಪ ಗದರಿದ. ತನ್ನ ಕಣ್ಣಿನ ಕಥೆ ಹೇಳಿದಳು. ಆಣೆಗೆ ಹೆದರಿದವರು ನೆಪ ಹೇಳುವುದು ಇದ್ದದ್ದೇ ಎಂದರು ಕೂಡಿದ್ದ ಜನ. ತಮ್ಮನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಹಲ್ಲು ಕಚ್ಚಿ ದೀಪಕ್ಕೆ ನೆಟ್ಟಗೆ ನಿಂತು ಇದ್ದದ್ದನ್ನೇ ಹೇಳಿದಳು. ಕಣ್ಣು ಕುಣಿಯಿತು.

"ಖರೇ ಇದ್ರ ಕಣ್ಣು ಯಾಕ ಕುಣೀತದಬೇ?" ಎಂದ ಮುದುಕಪ್ಪ, ಹಿಂಡೆಲ್ಲ ಸಾಬಣ್ಣನದು ಎಂದು ತೀರ್ಪು ಕೊಟ್ಟ.

ಸಾಬಣ್ಣನ ಸೊಂಟದ ಮೇಲೆ ಮಗಳು ಬೂದೆಮ್ಮ ಇದ್ದಳು. ಇನ್ನೂ ತೊದಲು ಮಾತಿನ ಕೂಸು. ಅದಕ್ಕೂ ಹುಟ್ಟಿನಿಂದ ಎಡಗಣ್ಣು ಕಾಣದು. ಅದೂ ಮುಖ ಓರೆ ಮಾಡಿಯೇ ಅತ್ತೆಯನ್ನು ನೋಡುತ್ತಿತ್ತು. ಜನ ಅದನ್ನು ಕೂಸಿನ ನಖರಾ ಎಂದುಕೊಂಡಿದ್ದರು. ದುರುಗಮ್ಮ ಸರ್ರನೆ ಹೋಗಿ ಅದರ ಗದ್ದ ಹಿಡಿದಳು. ಒಂದು ಸಲ ನೆಟ್ಟಗೆ ತಿರುಗಿಸಿದರೆ ಸಾಕು, ಆ ಕಣ್ಣೂ ಎಲ್ಲರೆದುರು ಕುಣಿಯುತ್ತಿತ್ತು, ಅರ್ಧ ಹಿಂಡು ಅವಳದಾಗುತ್ತಿತ್ತು. ಸಾಬಣ್ಣನ ಮುಖ ಬಿಳಿಚಿಕೊಂಡಿತು. ಆದರೆ ನಾಳೆಯಿಂದ ಊರು ಈ ಕೂಸಿಗೂ ಒಂದು ಹೆಸರಿಡುತ್ತಿತ್ತು. ಗದ್ದ ಬಿಟ್ಟಳು.

ಆಮೇಲೆ ತಮ್ಮನ ಕಿವಿಗಷ್ಟೇ ಬೀಳುವಂತೆ ಹೇಳಿದಳು: "ನಾಳಿ ಇಕಿನ್ನೂ ಯಾರರ ದೀಪದ ಮುಂದ ನಿಂದರಸ್ತಾರ. ಈ ಕಣ್ಣು ತಾನ ಕುಣೀತದ, ಹುಡುಗಿ ಸುಳ್ಳು ಹೇಳಾಕತ್ತಿಲ್ಲ ಅಂತ ಹೇಳಾಕ ನಾ ಒಬ್ಬಾಕಿ ಇದ್ದೆ. ನನ್ನ ಮಾತು ಸುಳ್ಳು ಅಂತ ಇವತ್ತು ನೀನ ಮಾಡಿದಿ. ಇನ್ನ ನಾ ಹೇಳಿದ್ರ ಯಾರು ನಂಬ್ತಾರಲೇ?"