ಬೇಕರಿ ಮನೆಯ ಸೋಫಾ

"ಕೂತ್ಕೊಳ್ಳಿ ಮೇಡಮ್, ಸೋಫಾ ಮೇಲೆ ಕೂತ್ಕೊಳ್ಳಿ" ಎನ್ನುತ್ತ ಡ್ರೈವರನ ಹೆಂಡತಿ, ಅದರ ಮೇಲೆ ಇಲ್ಲದ ಧೂಳನ್ನು ಅಂಗೈಯಲ್ಲಿ ಒರೆಸಿದಳು.

ತನಿಖೆಯಮ್ಮ ಕೂರಲಿಲ್ಲ. ನಗರಸಭೆಯ ತುರ್ತು ನೆರವು ಕೇಳಿದವರ ಮನೆಗೆ ಹೋಗಿ, ಕಷ್ಟ ನಿಜವೋ ಸುಳ್ಳೋ ನೋಡಿ ಬರುವುದು ಅವಳ ಕೆಲಸ. ತನಿಖೆಯಮ್ಮ ಎಂಬ ಹೆಸರು ಬೀದಿಯವರು ಇಟ್ಟದ್ದು. ಎಷ್ಟೋ ಮನೆಗಳ ಅಕ್ಕಿ ಡಬ್ಬಿ ಅಲ್ಲಾಡಿಸಿ ನೋಡಿದವಳು ಇಲ್ಲಿ ಹೊಸ್ತಿಲು ದಾಟಿದ ಕೂಡಲೇ ಸುತ್ತ ಕಣ್ಣಾಡಿಸಿದಳು. ಕೆಂಪು ಸೋಫಾ, ಗಾಜಿನ ಟೀಪಾಯಿ, ತಟ್ಟೆ ತುಂಬ ಬಿಸ್ಕೆಟ್, ಮೂಲೆಯಲ್ಲಿ ಫ್ರಿಜ್ಜು. ಫ್ರಿಜ್ಜಿನ ವೈರು ಮಾತ್ರ ಗೋಡೆಯ ತನಕ ಹೋಗಿರಲಿಲ್ಲ.

ಒಳಕೋಣೆಯಿಂದ ಉಸಿರಾಟದ ಯಂತ್ರದ ಗೊರಗೊರ ಕೇಳುತ್ತಿತ್ತು. ಒಂದು ಕಾಲಕ್ಕೆ ಬಸ್ಸು ಓಡಿಸುತ್ತಿದ್ದ ಗಂಡ ಅದರ ನಳಿಕೆಗೆ ಮೂಗು ಕೊಟ್ಟು ಮಲಗಿದ್ದ. ಬಿಲ್ಲು ಕಟ್ಟಿಲ್ಲವೆಂದು ನಾಳೆ ಕರೆಂಟ್ ಕತ್ತರಿಸುತ್ತಾರೆ. ಕರೆಂಟ್ ಹೋದರೆ ಯಂತ್ರ ನಿಂತ ಹಾಗೆಯೇ. ಅರ್ಜಿ ಕೊಟ್ಟದ್ದೇ ಅದಕ್ಕೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗಾದೆ ಕಟ್ಟಿದವರು ಹೊಟ್ಟೆ ತುಂಬಿದವರೇ ಇರಬೇಕು. ಆಫೀಸಿನವರು ಬರುತ್ತಾರೆಂದರೆ ಈ ಕೇರಿಯ ಜನ ಮನೆ ತೊಳೆದು, ಪಕ್ಕದವರ ಒಳ್ಳೆಯ ಸಾಮಾನು ತಂದಿಡುತ್ತಾರೆ. ಬಂದವರು ತಮ್ಮನ್ನು ಕೀಳಾಗಿ ಕಾಣಬಾರದು, ಅಷ್ಟೇ. ಮೊದಲಾದರೆ ತನಿಖೆಯಮ್ಮ ಕಂಡರೂ ಕಾಣದವಳಂತೆ ಒಪ್ಪಿಗೆ ಬರೆದು ಎದ್ದು ಹೋಗುತ್ತಿದ್ದಳು. ನೆರವೆಲ್ಲ ಉಳ್ಳವರ ಪಾಲಾಗುತ್ತಿದೆ, ಈ ಯೋಜನೆಯೇ ಬೇಡ ಎಂದು ನಗರಸಭೆಯ ಸದಸ್ಯರು ಪಟ್ಟು ಹಿಡಿದ ಮೇಲೆ ಫೋಟೋ ಕಡ್ಡಾಯವಾಗಿದೆ. ಮೊಬೈಲಿನಲ್ಲಿ ತೆಗೆದದ್ದು ನೇರ ಆಫೀಸಿಗೆ ಹೋಗುತ್ತದೆ, ಅಳಿಸಲು ಬರುವುದಿಲ್ಲ. ಯೋಜನೆ ಇರಬೇಕೋ ಬೇಡವೋ ಎಂದು ಮುಂದಿನ ವಾರ ಸಭೆ. ಈ ಸೋಫಾ ಅವರ ಕಣ್ಣಿಗೆ ಬಿದ್ದರೆ ಇವಳ ಅರ್ಜಿಯೂ ಹೋಯಿತು, ಹಿಂದೆ ಬರುವವರ ಪಾಲಿನ ಬಾಗಿಲೂ ಮುಚ್ಚಿತು.

"ಅಕ್ಕ, ಈ ಸೋಫಾ ಯಾರದು?"

"ನಮ್ಮದೇ ಮೇಡಮ್."

"ಫ್ರಿಜ್ಜು?"

"ಅದೂ ನಮ್ಮದೇ."

ತನಿಖೆಯಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಮಾರಿ ಬಿಲ್ ಕಟ್ಲಿ ಅಂತಾರೆ! ಅಲ್ಲಿ ಕೂತು ಫೋಟೋ ನೋಡೋರಿಗೆ ನಿಮ್ಮ ಮರ್ಯಾದೆ ಕಾಣಲ್ಲ ಅಕ್ಕ, ಸೋಫಾ ಕಾಣತ್ತೆ."

ಒಳಗಿನಿಂದ ಗಂಡ ಏದುಸಿರಿನಲ್ಲೇ ಕೂಗಿದ. "ಪಕ್ಕದ ಬೇಕರಿಯವ್ರದು ಕಣಮ್ಮ... ಬೇಡ ಅಂದೆ... ಕೇಳ್ಬೇಕಲ್ಲ ಇವ್ಳು."

"ನೀವು ಸುಮ್ನೆ ಮಲಗಿ. ಉಸಿರು ಉಳಿಸ್ಕೊಳ್ಳಿ" ಎಂದು ಹೆಂಡತಿ ಗದರಿದಳು.

"ನಡೀರಿ, ವಾಪಸ್ ಕೊಟ್ಟು ಬರೋಣ."

"ಈಗ್ಲಾ? ಹಾಡುಹಗಲಲ್ಲಿ? ಕತ್ತಲಾದ್ಮೇಲೆ ತಂದಿದ್ದು ಮೇಡಮ್. ಬೀದಿಯೆಲ್ಲ ನೋಡತ್ತೆ."

"ನೋಡ್ಲಿ. ಒಂದು ಕಡೆ ನಾನು ಹಿಡೀತೀನಿ."

ಹೀಗೆ ಮಾಡಿದ್ದು ಆಫೀಸಿಗೆ ಗೊತ್ತಾದರೆ ತನಿಖೆಯಮ್ಮನ ಕೆಲಸಕ್ಕೇ ಸಂಚಕಾರ. ಆದರೂ ಬ್ಯಾಗು ಕೆಳಗಿಟ್ಟು ಬಗ್ಗಿದಳು. ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು, ಓರೆಯಾಗಿ ಹೊರಗೆ ಬಂತು. ಎದುರಿನ ಕ್ಷೌರದವನು ಕತ್ತರಿ ಹಿಡಿದೇ ಹೊರಬಂದ.

"ಏನಕ್ಕ, ಮನೆ ಖಾಲಿ ಮಾಡ್ತಿದೀರಾ?"

"ಹೂಂ ಕಣಪ್ಪ. ಅರಮನೆ ಕಟ್ಸಿದೀನಿ, ಅಲ್ಲಿಗೆ ಸಾಗಿಸ್ತಿದೀನಿ" ಎಂದಳು ಡ್ರೈವರನ ಹೆಂಡತಿ. ಬೀದಿ ನಕ್ಕಿತು. ಅವಳ ಕಣ್ಣಲ್ಲಿ ನೀರು ತುಂಬಿದ್ದು ಸೋಫಾದ ಇನ್ನೊಂದು ತುದಿಯಲ್ಲಿದ್ದವಳಿಗೆ ಮಾತ್ರ ಕಂಡಿತು. ಮಾಡುತ್ತಿರುವುದು ಸರಿಯೆಂದು ಗೊತ್ತಿದ್ದರೂ ತನಿಖೆಯಮ್ಮನಿಗೆ ಆ ಮನೆಯಿಂದ ಏನನ್ನೋ ಕದ್ದೊಯ್ಯುತ್ತಿರುವಂತೆ ಅನಿಸಿತು.

ಬಿಸ್ಕೆಟ್ ತಟ್ಟೆಯ ಸಮೇತ ಟೀಪಾಯಿ ಹೋಯಿತು. ಫ್ರಿಜ್ಜು ಎತ್ತಲು ಬೇಕರಿಯವನೇ ಬಂದ. ಕೋಣೆಯಲ್ಲಿ ಉಳಿದದ್ದು ಒಂದು ಚಾಪೆ, ಕಾಲು ಮುರಿದ ಕುರ್ಚಿ, ಗೋಡೆಯ ಮೇಲೆ ತೇವದ ಕಲೆ.

"ಫೋಟೋದಲ್ಲಿ ನೀವೂ ಇರ್ಬೇಕು ಅಕ್ಕ."

ಅವಳು ಒಳಗೆ ಹೋಗಿ ಮುಖ ತೊಳೆದು, ತಲೆ ಬಾಚಿಕೊಂಡು ಬಂದಳು. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. ಮೊಬೈಲು ಮೇಲೆತ್ತಿದ ಕೂಡಲೇ ಮದುವೆ ಮನೆಯಲ್ಲಿ ನಿಂತವಳ ಹಾಗೆ ನಕ್ಕಳು.

"ನಗ್ಬೇಡಿ ಅಕ್ಕ."

ಅವಳು ತುಟಿ ಬಿಗಿದಳು, ಗಲ್ಲ ಇಳಿಸಿದಳು. ಮುಖವನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಒದ್ದಾಡಿ, ಮೆಲ್ಲಗೆ ಕೇಳಿದಳು.

"ಇಷ್ಟು ಸಾಕಾ ಮೇಡಮ್?"