ಒಲೆಯೊಳಗಿನ ಮೇಣದಬತ್ತಿಗಳು

ಅಗಸೆ ಎಣ್ಣೆಯ ವಾಸನೆ ಬಡಿದಾಗಲೆಲ್ಲ ಸಿಕ್ಸ್ತೆನ್‌ಗೆ ಅಮ್ಮನ ಮಂಡಿಗಳು ನೆನಪಾಗುತ್ತಿದ್ದವು. ಬಾಡಿಗೆ ಮನೆಯ ಲಿನೋಲಿಯಂ ನೆಲವನ್ನು ಅವಳು ಮಂಡಿಯೂರಿ ತಿಕ್ಕುವಾಗ ಏಳುತ್ತಿದ್ದ ವಾಸನೆ ಅದೇ. ಕೇಳಿದವರಿಗೆ ಮಾತ್ರ, ಅದು ತನ್ನ ಅಜ್ಜನ ಬಡಗಿ ಕೊಟ್ಟಿಗೆಯ ವಾಸನೆ ಎನ್ನುತ್ತಿದ್ದ. ಅಜ್ಜ ಟ್ರಾಮ್ ಓಡಿಸುತ್ತಿದ್ದ.

"ಕುರ್ಚಿ ಚೌಕಟ್ಟಿಗೆ ತಾಗ್ತದೆ, ಬಾಗಿಲು ಹಿಡಿ" ಎಂದ. ಬಣ್ಣ ಇನ್ನೂ ಹಸಿಯಾಗಿತ್ತು.

ಹೆಂಡತಿ ಗುನ್ವೋರ್ ಊರುಗೋಲಿನಿಂದ ಬಾಗಿಲನ್ನು ತಡೆದು ಹಿಡಿದಳು. ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳು ನೋವಿಲ್ಲದೆ ಕೂರಬಹುದಾದ ಕುರ್ಚಿ ಅದೊಂದೇ. ಕಂದು ರೆಕ್ಸಿನ್‌ನದು, ಹಿಡಿ ಎಳೆದರೆ ಕಾಲು ಮೇಲೆತ್ತುವಂಥದು. ಸಿಕ್ಸ್ತೆನ್ ಅದನ್ನು ಅಂಗಳದಾಚೆಯ ಸೌದೆ ಕೊಟ್ಟಿಗೆಗೆ ಎಳೆಯುತ್ತಿದ್ದ.

"ಇವತ್ತೊಂದು ದಿನ" ಎಂದ.

"ನನಗೂ ಒಂದು ಕೈ ಬೂದು ಬಣ್ಣ ಹೊಡೆದುಬಿಡು. ಮೂಲೇಲಿ ನಿಂತಿರ್ತೀನಿ."

ಅವನು ನಗಲಿಲ್ಲ. ಬೂದು ಬಣ್ಣ ಅವನಿಗೆ ತಮಾಷೆಯ ವಿಷಯವಲ್ಲ. ವಿಶ್ವವಿದ್ಯಾಲಯದಲ್ಲಿ ಹಳ್ಳಿಮನೆಗಳ ಬಗ್ಗೆ ಪಾಠ ಹೇಳಿ ನಿವೃತ್ತನಾದವನು, ಹೆಲ್ಸಿಂಗ್‌ಲಾಂಡ್ ಸೀಮೆಯ ಈ ಹಳೇ ಮನೆ ಕೊಂಡು, ಇನ್ನೂರು ವರ್ಷದ ಹಿಂದಿನ ಬೂದು ಸಿಗುವ ತನಕ ಗೋಡೆ ಕೆರೆದಿದ್ದ.

ಗೃಹಾಲಂಕಾರ ಪತ್ರಿಕೆಯ ಮಾಲಿನ್ ಕ್ಯಾಮೆರಾ ಹಿಡಿದು ಬಂದಳು. ಬೂಟು ಬಾಗಿಲಲ್ಲೇ ಬಿಟ್ಟು, ಬರೀ ಕಾಲುಚೀಲದಲ್ಲಿ ತಣ್ಣನೆಯ ಹಲಗೆಗಳ ಮೇಲೆ ಕುಪ್ಪಳಿಸುತ್ತ ನಡೆದಳು.

"ಗಡಿಯಾರ ನಿಂತಿದೆಯಲ್ಲ?"

"ಒಳಗೆ ಯಂತ್ರ ಇಲ್ಲ. ಪೆಟ್ಟಿಗೆ ಮಾತ್ರ ಅಸಲಿ."

"ಒಲೆ ಹಚ್ಚಿ, ಪುಣ್ಯ ಬರುತ್ತೆ. ಕಾಲು ಮರಗಟ್ಟಿತು."

ಹಚ್ಚುವಂತಿರಲಿಲ್ಲ. ಕೋಣೆ ಕಾಯಿಸಲೆಂದೇ ಕಟ್ಟಿದ, ಹೂ ಬಿಡಿಸಿದ ಬಿಳಿ ಹೆಂಚಿನ ಆ ಎತ್ತರದ ಒಲೆಯ ಹೊಗೆಗೂಡು ಬಿರುಕು ಬಿಟ್ಟಿದೆಯೆಂದು ಅದನ್ನು ಗುಡಿಸುವವನು ಬೆಂಕಿ ನಿಷೇಧಿಸಿದ್ದ. ಸಿಕ್ಸ್ತೆನ್ ಅದರ ಬಾಯೊಳಗೆ ದಪ್ಪ ಮೇಣದಬತ್ತಿಗಳನ್ನು ಸಾಲಾಗಿಟ್ಟು ಹಚ್ಚಿದ.

"ಫೋಟೋದಲ್ಲಿ ಬೆಂಕಿ ಹಾಗೇ ಕಾಣುತ್ತೆ" ಎಂದಳು ಮಾಲಿನ್. "ಮನೆಯವರು ಎಲ್ಲಿ?"

"ಅವಳಿಗೆ ಹೊರಗಿನ ಗಾಳಿ ಇಷ್ಟ."

ಚಿಂದಿ ಜಮಖಾನೆಯ ಮೇಲೆ ಕುರ್ಚಿ ಕಾಲುಗಳ ಗುಳಿಗಳು ಉಳಿದಿದ್ದವು. ಮಾಲಿನ್ ಕಿಟಕಿಯಿಂದ ಒಮ್ಮೆ ಕೊಟ್ಟಿಗೆಯ ಕಡೆ ನೋಡಿದಳು. ನೂಲಿನ ಬುಟ್ಟಿಯನ್ನು ಗುಳಿಗಳ ಮೇಲೆ ಸರಿಸಿದಳು.

ಅವಳು ಹೋದ ಮೇಲೆ ಅವನು ಕೋಟು ಹಾಕಿಕೊಂಡೇ ನಡುಮನೆಯಲ್ಲಿ ನಿಂತ. ಕೋಣೆ ಈಗ ಸರಿಯಾಗಿತ್ತು. ಯಾವುದನ್ನೂ ಕದಲಿಸಬೇಕಾಗಿರಲಿಲ್ಲ. ಯಾರೂ ಕೂರಬೇಕಾಗಿಯೂ ಇರಲಿಲ್ಲ.

ಕತ್ತಲಾಗುತ್ತಲೇ ಕೊಟ್ಟಿಗೆಗೆ ಹೋದ. ಒಳಗೆ ಕರೆಂಟಿನ ಹೀಟರ್ ಉರಿಯುತ್ತಿತ್ತು. ಸಣ್ಣ ಗ್ಯಾಸ್ ಒಲೆಯ ಮೇಲೆ ಪ್ರತಿ ಗುರುವಾರದ ಬಟಾಣಿ ಸಾರು. ಗುನ್ವೋರ್ ಕಾಲು ಚಾಚಿ ರೇಡಿಯೋ ಕೇಳುತ್ತಿದ್ದಳು.

"ಹೋದಳಾ?"

"ಹೋದಳು. ಕೋಣೆ ಚೆನ್ನಾಗಿ ಬಂದಿದೆಯಂತೆ."

"ಬರದೆ ಏನು. ನಾನೇ ಇರಲಿಲ್ಲವಲ್ಲ."

ಅವನು ಸೌದೆಯ ಸಾಲನ್ನು ನೋಡಿದ. "ಕುರ್ಚಿ ಒಳಗೆ ತರಲಾ?"

ಅವನ ಕೈಗಳು ಕೋಟಿನ ಜೇಬಿನಲ್ಲೇ ಇದ್ದವು. ಗುನ್ವೋರ್ ಆ ಜೇಬುಗಳನ್ನು ನೋಡಿದಳು.

"ಬೇಡ ಬಿಡು. ಇಲ್ಲಿ ಬೆಚ್ಚಗಿದೆ."

"ಮಲಗೋದು?"

"ಹಿಡಿ ಎಳೆದರೆ ಇದೇ ಹಾಸಿಗೆ."

ಅವನು ಬೇಸರಕ್ಕಾಗಿ ಕಾದ. ಎದೆಯಲ್ಲಿ ಏನೋ ಸಡಿಲವಾಯಿತು. ಅದು ಬೇಸರವಲ್ಲ, ನೆಮ್ಮದಿ. ಇನ್ನೊಮ್ಮೆ ಕರೆಯಬೇಕು ಎಂದುಕೊಂಡ. ಕರೆಯಲಿಲ್ಲ.

ಕೊಟ್ಟಿಗೆಯಲ್ಲಿ ಇನ್ನೊಂದು ಆಸನವಿರಲಿಲ್ಲ. ಹೊಸ್ತಿಲಲ್ಲೇ ನಿಂತ. ಅಂಗಳದಾಚೆ ಕಿಟಕಿಯಲ್ಲಿ ಅವನ ಕೋಣೆ ಪೂರ್ತಿ ಕಾಣುತ್ತಿತ್ತು: ಇಬ್ಬರಿಗೆಂದು ಇಟ್ಟ ತವರದ ಖಾಲಿ ತಟ್ಟೆಗಳು, ಹೊಟ್ಟೆಯುಬ್ಬಿದ ಗಡಿಯಾರ, ಒಲೆಯ ಬಾಯಲ್ಲಿ ಸಣ್ಣಗೆ ಮಿಣುಕುವ ಬತ್ತಿಗಳು. ಒಂದು ಆರಿತು.

ಗುನ್ವೋರ್ ಪ್ಲಾಸ್ಟಿಕ್ ಬಟ್ಟಲಿಗೆ ಸಾರು ಸುರಿದಳು. ಇದ್ದದ್ದು ಒಂದೇ ಚಮಚ. ಅದನ್ನು ತೋಳಿಗೆ ಒರೆಸಿ, ಬಟ್ಟಲಿಗೆ ಹಾಕಿ, ಅವನ ಕಡೆ ಚಾಚಿದಳು.