ಹಗ್ಗ ಮುಟ್ಟದವರು

ಮಧ್ಯಾಹ್ನದ ಬಿಸಿಲಿಗೆ ಬಾವಿಯ ಕಲ್ಲು ಕಾದಿತ್ತು. ಅಮೃತ ಖಾಲಿ ಕೊಡ ಹಿಡಿದು ದೂರದಲ್ಲೇ ನಿಂತಿದ್ದ. ಹೋದ ವರ್ಷ ಅವನ ಓಣಿಯವನೊಬ್ಬ ಬಾವಿಯ ಹಗ್ಗ ಮುಟ್ಟಿದ್ದಕ್ಕೆ, ಸುಗ್ಗಿ ಮುಗಿಯುವವರೆಗೆ ಇಡೀ ಓಣಿಗೆ ಯಾರೂ ಕೂಲಿ ಕೊಟ್ಟಿರಲಿಲ್ಲ. ಮೇಲಿನ ಓಣಿಯ ಹೆಂಗಸರೇ ಸೇದಿ, ಕೆಳಗಿನ ಓಣಿಯವರ ಕೊಡಕ್ಕೆ ಸೋಕದಂತೆ ಎತ್ತರದಿಂದ ಹೊಯ್ಯಬೇಕು. ಇವತ್ತು ಆ ಹೆಂಗಸರೆಲ್ಲ ಲಾರಿ ಹತ್ತಿ ಬಸವಕಲ್ಯಾಣಕ್ಕೆ ಮದುವೆಗೆ ಹೋಗಿದ್ದರು.

ಗಂಡಸರು ಇದ್ದರು, ಬೇವಿನ ಕಟ್ಟೆಯ ಮೇಲೆ. ಆದರೆ ಆ ಊರಲ್ಲಿ ಗಂಡಸು ನೀರು ಸೇದಿದರೆ ನಗೆಪಾಟಲು.

ಶರಣಪ್ಪ ಮಾಸ್ತರರು ಹುಮನಾಬಾದಿನಿಂದ ತಂದ ಪೇಪರು ಬಿಡಿಸಿದ್ದರು.

"ಕೇಳ್ರಿ ಪಾಟೀಲ್ರ, ದುನಿಯಾದಾಗಿನ ಮಂದಿ ಎಲ್ಲಾ ಆಫ್ರಿಕಾದಿಂದ ಬಂದವರಂತ. ಎಲ್ಲಾರಿಗೂ ಮೂಲ ತಾಯಿ ಒಬ್ಬಾಕಿನೇ ಅಂತ."

ತುಳಜಾರಾಮ ಪಾಟೀಲ ನಕ್ಕ. "ಹಂಗಾದ್ರ ನಾ ಆಫ್ರಿಕಾದ ಹಬಶಿ ಏನ್ರಿ? ನಮ್ಮ ಮುತ್ಯಾನ ಮುತ್ಯಾ ಇದೇ ಮಣ್ಣಾಗ ಹುಟ್ಯಾನ."

"ಅದನ್ನೂ ಬರ್ದಾರ. ಚೀನಾದಾಗ, ಜಾವಾದಾಗ ಹಳೇ ತಲಿಬುರುಡಿ ಸಿಕ್ಕಾವಂತ. ಆಯಾ ಸೀಮ್ಯಾಗ ಆಯಾ ಮಂದಿ ತಯಾರಾದ್ರು ಅಂತ ಬ್ಯಾರೆ ಪಂಡಿತರ ವಾದ."

"ಆ ಪಂಡಿತರೇ ಶಾಣ್ಯಾರು ನೋಡ್ರಿ!"

"ಇಲ್ರೀ, ಒಂದೇ ತಾಯಿ ಅನ್ನೋದೇ ಖರೆ," ಎಂದು ಮಾಸ್ತರರು ತೊಡೆ ತಟ್ಟಿದರು.

"ಮಾಸ್ತರ್ರ," ಅಮೃತ ಖಾಲಿ ಕೊಡ ಮುಂದೆ ಚಾಚಿದ. "ಒಂದ್ ಕೊಡ ನೀರ್ರಿ. ಹಳ್ಳದ ರಾಡಿ ನೀರು ಕುಡದು ಕೂಸಿಗೆ ವಾಂತಿ-ಭೇದಿ ಹತ್ಯಾವ. ಘಳಿಗಿಗೊಮ್ಮೆ ನೀರ್ ಕುಡಸಂತ ನರ್ಸಬಾಯಿ ಹೇಳ್ಯಾರ."

"ತಡಿಯೋ, ಹೆಣ್ಮಕ್ಳು ಬರ್ಲಿ."

ವಾದ ಮುಂದುವರಿಯಿತು. ಆ ತಾಯಿ ಈಗ ಇಲ್ಲಿದ್ದಿದ್ದರೆ ಒಂದು ಕೊಡ ಸೇದಿ ಕೊಡುತ್ತಿದ್ದಳೇನೋ ಎಂದುಕೊಂಡ ಅಮೃತ. ಹಗ್ಗ ನಾಲ್ಕು ಹೆಜ್ಜೆ ಆಚೆಗಿತ್ತು. ಮುಟ್ಟಿದರೆ ಓಣಿಯ ಒಲೆಗಳೆಲ್ಲ ಆರುತ್ತವೆ.

ಅಷ್ಟರಲ್ಲಿ ಕೆಳಗಿನ ಓಣಿಯಿಂದ ಅವನ ಹೆಂಡತಿ ಜಿಜಾಬಾಯಿಯ ಕೂಗು ಕೇಳಿತು. "ಸೋನೂ, ಕಣ್ ತಗಿಯವ್ವಾ! ಕಣ್ ತಗಿ!"

ಮಾಸ್ತರರು ಪೇಪರು ಅಲ್ಲೇ ಬಿಟ್ಟು ಎದ್ದರು.

"ಮಾಸ್ತರ್ರ, ಸೀರಿ ಉಟ್ಕೊಂಡ ಹೋಗ್ರಿ!" ಪಾಟೀಲ ಕೂಗಿದ. ಕಟ್ಟೆಯೆಲ್ಲ ನಕ್ಕಿತು.

ಮಾಸ್ತರರು ಬಾವಿಗೆ ಹೋಗಿ ಹಗ್ಗ ಹಿಡಿದರು. ಎಂದೂ ಸೇದದ ಕೈ. ಹಗ್ಗ ಜಾರಿ ಅಂಗೈ ಸುಲಿಯಿತು. ಕೊನೆಗೂ ಬಕೆಟ್ಟು ಮೇಲೆ ಬಂದಾಗ, ರೂಢಿಯಂತೆ ಅವರು ಅದನ್ನು ಎತ್ತರಕ್ಕೆ ಎತ್ತಿ ಹೊಯ್ದರು. ಅರ್ಧ ನೀರು ಮಣ್ಣುಪಾಲಾಯಿತು. ಆ ಒದ್ದೆ ಮಣ್ಣನ್ನು ಒಂದು ಕ್ಷಣ ನೋಡಿದರು. ಮತ್ತೆ ಸೇದಿದರು. ಈ ಸಲ ಬಗ್ಗಿ, ಕೊಡದ ಬಾಯಿಗೇ ಬಕೆಟ್ಟು ಹಚ್ಚಿ ತುಂಬಿಸಿದರು.

"ನೀ ಓಡು. ನಾ ಹೊತ್ಕೊಂಡ್ ಬರ್ತೀನಿ."

ಅಮೃತ ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ಬೊಗಸೆಯಲ್ಲೇ ಹಿಡಿದು ಓಡಿದ. ಬೆರಳ ಸಂದಿಯಿಂದ ಸೋರಿ ಮನೆ ಮುಟ್ಟುವಾಗ ಗುಟುಕಿನಷ್ಟು ಉಳಿದಿತ್ತು. ಮಗುವಿನ ತುಟಿಗೆ ಬಿಟ್ಟ. ಅದು ಕಟವಾಯಿಯಿಂದ ಹರಿದು ಜಿಜಾಬಾಯಿಯ ಸೆರಗಿಗೆ ಇಳಿಯಿತು. ಸೋನು ನುಂಗಲಿಲ್ಲ. ಉಸಿರು ಆಗಲೇ ನಿಂತಿತ್ತು.

ಮಾಸ್ತರರು ಆ ಓಣಿಗೆ ಕಾಲಿಟ್ಟಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತರು. ಹೆಗಲ ಮೇಲಿನ ಕೊಡ ತುಳುಕಿ ಅಂಗಿ ತೊಯ್ಯುತ್ತಿತ್ತು. ಅದನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಹೊತ್ತೇ ಇದ್ದರು.